ಓದುಗರ ಪ್ರಶ್ನೆ: ಜಾಥಾ ಮುಗಿದರೂ ಬಾಲ್ಯವಿವಾಹ ನಿಲ್ಲುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮ ಸಂಘಟನೆ ಬಾಲ್ಯವಿವಾಹದ ವಿರುದ್ಧ ಜಾಥಾ, ಬೀದಿನಾಟಕ, ಕರಪತ್ರ ಎಲ್ಲವನ್ನೂ ಮಾಡಿದೆ. ಜನ ತಲೆದೂಗುತ್ತಾರೆ, ಮದುವೆಗಳು ಮಾತ್ರ ನಡೆಯುತ್ತಲೇ ಇವೆ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಜನರಿಗೆ ತಿಳಿವಳಿಕೆ ಸಾಲದು ಎಂದುಕೊಂಡು ಹೊರಟಿದ್ದೀರಿ. ಅಪಾಯ ಎಷ್ಟೋ ತಾಯಂದಿರಿಗೆ ಗೊತ್ತಿದೆ. ಊರೆಲ್ಲ ಬೇಗ ಮದುವೆ ಮಾಡುವಾಗ ನಮ್ಮ ಮಗಳನ್ನು ಮಾತ್ರ ಉಳಿಸಿಕೊಂಡರೆ ನಾಳೆ ಗಂಡು ಸಿಗುತ್ತಾನೆಯೇ ಎಂಬುದು ಅವರ ಭಯ. ಒಂದೇ ಮನೆ ಇದನ್ನು ಎದುರಿಸಲಾರದು. ಪದ್ಧತಿ ಬೇರೆಯಾದರೂ, ಇಂಥದೇ ಭಯವನ್ನು ಊರುಗಳು ಒಟ್ಟಾಗಿ ಎದುರಿಸಿದ ಉದಾಹರಣೆ ಪಶ್ಚಿಮ ಆಫ್ರಿಕಾದಲ್ಲಿದೆ.

ಸೆನೆಗಲ್‌ನ ಮಲಿಕುಂಡಾ ಬಂಬಾರಾ ಹಳ್ಳಿಯ ಹೆಂಗಸರು 1997ರಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನ ನಿಲ್ಲಿಸುವುದಾಗಿ ಸಾರಿದಾಗ ಸುತ್ತಲಿನವರು ಸಿಟ್ಟಾದರು. ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಟ್ಟಿಗೆ ಒಪ್ಪದೆ ಇದು ನಿಲ್ಲದು ಎಂದು ಕಂಡುಕೊಂಡವರು ಡೆಂಬಾ ದಿಯಾವಾರಾ ಎಂಬ ಇಮಾಮರು. ಅವರು ನೆಂಟರ ಊರುಗಳಿಗೆ ನಡೆದುಹೋಗಿ ಮಾತಾಡಿದರು. 1998ರಲ್ಲಿ 13 ಹಳ್ಳಿಗಳು ಒಟ್ಟಾಗಿ ಘೋಷಣೆ ಮಾಡಿದವು. ಮರುವರ್ಷ ಛೇದನವನ್ನು ನಿಷೇಧಿಸುವ ಕಾನೂನೂ ಬಂತು.

ನೀವೂ ಕಳೆದ ಐದು ವರ್ಷಗಳ ಮದುವೆಗಳನ್ನು ಪಟ್ಟಿ ಮಾಡಿ. ಸೊಸೆಯರು ಎಲ್ಲಿಂದ ಬಂದರು, ಹೆಣ್ಣುಮಕ್ಕಳು ಎಲ್ಲಿಗೆ ಹೋದರು ಎಂದು ಬರೆದರೆ ಕೆಲವೇ ಊರುಗಳ ಹೆಸರು ಮತ್ತೆಮತ್ತೆ ಬರುತ್ತದೆ. ಆಡಳಿತದ ಗಡಿ ಮರೆತುಬಿಡಿ, ಅವೇ ನಿಮ್ಮ ಕ್ಷೇತ್ರ. ಹೆಂಗಸರ ಸಭೆ ಬೇರೆಯೇ ಇರಲಿ. 20–25 ಜನ ಸಾಕು, ಹೊತ್ತನ್ನು ಅವರೇ ಗೊತ್ತುಮಾಡಲಿ. ಗಂಡಸರು, ಅತ್ತೆಯಂದಿರು, ಧಾರ್ಮಿಕ ಹಿರಿಯರ ಜತೆ ಪ್ರತ್ಯೇಕವಾಗಿ ಕೂತು ಮಾತಾಡಿ. ಇದಕ್ಕೆ ತಿಂಗಳುಗಟ್ಟಲೆ ಬೇಕು. ಅವಸರದ ಪ್ರತಿಜ್ಞೆ ಫೋಟೋಗೆ ಮಾತ್ರ.

ಒಂದು ಎಚ್ಚರಿಕೆ: ಮದುವೆ ನಿರಾಕರಿಸಿದ ಹುಡುಗಿಯನ್ನು ವೇದಿಕೆ ಹತ್ತಿಸಬೇಡಿ. ನೀವು ಹೊರಟ ಮೇಲೆ ಏಟು ಬೀಳುವುದು ಅವಳಿಗೆ. ಮೊದಲು ಮೂರ್ನಾಲ್ಕು ಹಿರಿಯ ಹೆಂಗಸರು ಒಟ್ಟಿಗೆ ಮಾತಾಡಲಿ.

ಸಭೆಗೆ ಬಂದವರ ತಲೆ ಎಣಿಸುವುದರಿಂದ ಏನೂ ತಿಳಿಯದು. ಆರು ತಿಂಗಳಿಗೊಮ್ಮೆ 14ರಿಂದ 18ರ ಹುಡುಗಿಯರಲ್ಲಿ ಯಾರು ಶಾಲೆಯಲ್ಲಿದ್ದಾರೆ ಎಂದು ನೋಡಿ. ಕಾನೂನಿನ ಭಯ ಹೆಚ್ಚಾದಾಗ ಮದುವೆ ಗುಟ್ಟಾಗಿ ನಡೆಯುತ್ತದೆ, ವಯಸ್ಸನ್ನೂ ತಿದ್ದುತ್ತಾರೆ. ಹಾಗಾಗಿ ಬಾಯಿಮಾತು ನಂಬದೆ ಶಾಲೆಯ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ.

ಪ್ರಶ್ನೆ: ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ನಡೆಯುವ 16 ದಿನಗಳ ಅಭಿಯಾನಕ್ಕೆ ನಾವೂ ಸೇರಬೇಕೇ? ಹಣ ಕಡಿಮೆ.

ಉತ್ತರ: ಬ್ಯಾನರಿಗೇ ಹಣ ಮುಗಿಯುವುದಾದರೆ ಬೇಡ. ಅದರ ಬದಲು ನಿಮ್ಮ ಪಟ್ಟಿ ಮತ್ತು ದಾಖಲೆಗಳನ್ನು ಜೋಪಾನ ಮಾಡಿ. 1979ರ ಮಹಿಳಾ ತಾರತಮ್ಯ ನಿವಾರಣಾ ಒಪ್ಪಂದಕ್ಕೆ ಸೇರಿದ ದೇಶಗಳು ವಿಶ್ವಸಂಸ್ಥೆಯ ಸಮಿತಿಗೆ ನಿಯತವಾಗಿ ವರದಿ ಕೊಡಬೇಕು. ಆಗ ಸಂಘಟನೆಗಳೂ ಪರ್ಯಾಯ ವರದಿ ಸಲ್ಲಿಸಬಹುದು. ಊರು, ವರ್ಷ, ಸಂಖ್ಯೆ ಸಮೇತ ಬರೆದ ನಾಲ್ಕು ಪುಟ ಇದ್ದರೆ ಸಮಿತಿ ಅದನ್ನೇ ಹಿಡಿದು ಸರ್ಕಾರವನ್ನು ಪ್ರಶ್ನಿಸಬಹುದು. ಹುಡುಗಿಯರ ಹೆಸರನ್ನು ಮಾತ್ರ ಎಲ್ಲೂ ಬರೆಯಬೇಡಿ.