ತಲೆ ಸ್ಕ್ಯಾನ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ಮಿದುಳಿನ ಸ್ಕ್ಯಾನ್ ಬಗ್ಗೆ ಕೇಳಿದವೇ ಹೆಚ್ಚು. ನಾಲ್ಕನ್ನು ಆರಿಸಿದ್ದೇವೆ.

ಪ್ರಶ್ನೆ: ತಮ್ಮನಿಗೆ 26 ವರ್ಷ. ಎಂಟು ತಿಂಗಳಿಂದ ಯಾರ ಜೊತೆಗೂ ಮಾತಿಲ್ಲ, ಊಟ-ನಿದ್ದೆ ಅಷ್ಟಕ್ಕಷ್ಟೆ. ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಬರೆದರು, ಸ್ಕ್ಯಾನ್ ಮಾಡಿಸಲಿಲ್ಲ. ಬೆಂಗಳೂರಿಗೆ ಹೋಗಿ ‘ಬ್ರೇನ್ ಮ್ಯಾಪಿಂಗ್’ ಮಾಡಿಸಿದರೆ ಕಾಯಿಲೆ ಬಣ್ಣದಲ್ಲೇ ಕಾಣುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹೋಗೋಣವೇ?
— ಚನ್ನಗಿರಿಯ ಓದುಗರು

ಉತ್ತರ: ಆ ದುಡ್ಡು ಉಳಿಸಿಕೊಳ್ಳಿ. ಒಬ್ಬ ವ್ಯಕ್ತಿಗೆ ಖಿನ್ನತೆ ಇದೆಯೋ ಇಲ್ಲವೋ ಎಂದು ಹೇಳಬಲ್ಲ ಸ್ಕ್ಯಾನ್ ಇನ್ನೂ ಇಲ್ಲ. ವೈದ್ಯರು ಕೂರಿಸಿಕೊಂಡು ಮಾತಾಡಿಸಿದರಲ್ಲ, ಈ ಕಾಯಿಲೆಗೆ ಪರೀಕ್ಷೆ ಅದೇ. ‘ಮ್ಯಾಪಿಂಗ್’ ಎಂಬ ಹೆಸರಿನಲ್ಲಿ ತಂತಿಗಳಿರುವ ಟೋಪಿ ಹಾಕಿ ತೆಗೆಯುವುದು ಸಾಮಾನ್ಯವಾಗಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ಅದರ ಅಲೆಗಳನ್ನು ಕಂಪ್ಯೂಟರ್ ಬಣ್ಣದ ನಕ್ಷೆ ಮಾಡಿಕೊಡುತ್ತದೆ. ಖಿನ್ನತೆ ಪತ್ತೆಗೆಂದು ಅದನ್ನು ಮಾರುವವರು ಟೋಪಿ ಹಾಕುತ್ತಿರುವುದು ಎರಡೂ ಅರ್ಥದಲ್ಲಿ.

ಪತ್ರಿಕೆಗಳಲ್ಲಿ ಕಾಣುವ ಕೆಂಪು-ಹಳದಿ ಮಿದುಳಿನ ಚಿತ್ರಗಳು ಬೇರೆ. ಅವು ಹೆಚ್ಚಾಗಿ ಫಂಕ್ಷನಲ್ ಎಂಆರ್‌ಐನವು, ಅಂದರೆ ಮಿದುಳು ಕೆಲಸ ಮಾಡುತ್ತಿರುವಾಗ ಅಯಸ್ಕಾಂತದ ಯಂತ್ರದಿಂದ ತೆಗೆದವು. ಮಿದುಳಿನ ಒಂದು ಭಾಗ ಕೆಲಸಕ್ಕಿಳಿದಾಗ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚು ನುಗ್ಗುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಅದನ್ನು ಕೊಟ್ಟು ಬರಿದಾದ ಹಿಮೋಗ್ಲೋಬಿನ್ನಿಗೂ ಕಾಂತಗುಣ ಬೇರೆ ಬೇರೆ. 1990ರಲ್ಲಿ ಜಪಾನಿನ ವಿಜ್ಞಾನಿ ಸೈಜಿ ಒಗಾವ ಈ ವ್ಯತ್ಯಾಸದಿಂದಲೇ ಚಿತ್ರ ತೆಗೆಯಬಹುದೆಂದು ತೋರಿಸಿಕೊಟ್ಟರು. ಹಾಗಾಗಿ ಯಂತ್ರಕ್ಕೆ ಸಿಗುವುದು ಐದಾರು ಸೆಕೆಂಡ್ ತಡವಾಗಿ ಏರುವ ರಕ್ತದ ಹರಿವು. ಯೋಚನೆ ಅದಕ್ಕೆ ಸಿಗುವುದಿಲ್ಲ. ಎಷ್ಟು ಏರಿದರೆ ಬಣ್ಣ ಹಚ್ಚಬೇಕೆಂದು ಗೆರೆ ಎಳೆಯುವವರು ಮನುಷ್ಯರು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗಿಟ್ಟು ಅದಕ್ಕೆ ಜನರ ಫೋಟೋ ‘ತೋರಿಸಿದರು’. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಲೇಬೇಕಾದ ಲೆಕ್ಕದ ತಿದ್ದುಪಡಿಯನ್ನು ಬಿಟ್ಟು ನೋಡಿದಾಗ ಆ ಮೀನಿನ ಮಿದುಳಲ್ಲೂ ಚುಕ್ಕೆ ಹೊತ್ತಿಕೊಂಡಿತು!

ಸಂಶೋಧನೆ ಸುಳ್ಳೆಂದಲ್ಲ, ಅದು ಗುಂಪಿನ ಮಾತು. ಖಿನ್ನತೆಯಿದ್ದ 1,728 ಜನರನ್ನು ಇಲ್ಲದ 7,199 ಜನರಿಗೆ ಹೋಲಿಸಿದ, ಹಲವು ದೇಶಗಳ ಸಂಶೋಧಕರು ಸೇರಿ ನಡೆಸಿದ ಎನಿಗ್ಮಾ ಅಧ್ಯಯನದಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಸರಾಸರಿ ಶೇ. 1.24ರಷ್ಟು ಚಿಕ್ಕದಿತ್ತು. ಆರೋಗ್ಯವಾಗಿರುವ ಇಬ್ಬರ ನಡುವೆಯೇ ಇದಕ್ಕಿಂತ ಎಷ್ಟೋ ಹೆಚ್ಚು ಅಂತರವಿರುತ್ತದೆ. ಎರಡು ಹೋಬಳಿಗಳ ಮೆಕ್ಕೆಜೋಳದ ಸರಾಸರಿ ಇಳುವರಿಯಲ್ಲಿ ಎಕರೆಗೆ ಕಾಲು ಕ್ವಿಂಟಲ್ ವ್ಯತ್ಯಾಸ ಇದೆ ಅನ್ನಿ. ಕಣದಲ್ಲಿ ಒಂದು ತೆನೆ ಎತ್ತಿಕೊಂಡು ಇದು ಯಾವ ಹೋಬಳಿಯದು ಎಂದು ಹೇಳಲಾದೀತೇ?

ಮನೋವೈದ್ಯರೂ ಸ್ಕ್ಯಾನ್ ಬರೆಯುವುದುಂಟು: ಇಳಿವಯಸ್ಸಿನಲ್ಲಿ ಮೊದಲ ಸಲ ನಡವಳಿಕೆ ಬದಲಾದಾಗ, ಜೊತೆಗೆ ಫಿಟ್ಸ್, ಹೊಸ ತಲೆನೋವು, ಒಂದು ಬದಿ ಸೋಲು, ಮೂತ್ರದ ಹಿಡಿತ ತಪ್ಪುವುದು ಇದ್ದಾಗ, ತಲೆಗೆ ಪೆಟ್ಟು ಬಿದ್ದಿದ್ದಾಗ. ಇವಾವುವೂ ತಮ್ಮನಿಗಿಲ್ಲದಿದ್ದರೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ ಕೇಳಿ. ಸ್ಕ್ಯಾನಿಗಿಂತ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಡುವೆ ಬಿಡಿಸಬೇಡಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಮೊದಲ ಸಲ ಫಿಟ್ಸ್ ಬಂತು. ಸಿಟಿ ಸ್ಕ್ಯಾನಿನಲ್ಲಿ ‘ರಿಂಗ್’ ಇದೆ, ಲಾಡಿಹುಳು ಇರಬಹುದು ಅಂದರು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ರಿಪೋರ್ಟ್ ಅದಲುಬದಲಾಗಿದೆಯೇ?
— ಚಳ್ಳಕೆರೆಯ ತಾಯಿ

ಉತ್ತರ: ಅದಲುಬದಲೇ ಆಗಿರಬೇಕೆಂದಿಲ್ಲ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರಿಗೆ ಹುಳು ಬೆಳೆಯುವುದು ಕರುಳಿನಲ್ಲಿ. ಮಿದುಳಿಗೆ ಹೋಗುವುದು ಆ ಹುಳುವಿನ ಮೊಟ್ಟೆಯಿಂದ ಹೊರಬಂದ ಮರಿ. ಅಂಥವರ ಮಲದಲ್ಲಿರುವ ಮೊಟ್ಟೆ ನೀರು, ತೊಳೆಯದ ಕೊತ್ತಂಬರಿ-ಕ್ಯಾರೆಟ್, ಬಡಿಸುವವರ ಕೈ, ಹೀಗೆ ಯಾವುದರಿಂದಲಾದರೂ ಹೊಟ್ಟೆ ಸೇರಬಹುದು. ಅದಕ್ಕೆ ಸಸ್ಯಾಹಾರಿಗಳ ಮನೆ, ಮಾಂಸಾಹಾರಿಗಳ ಮನೆ ಎಂಬ ಭೇದವಿಲ್ಲ.

ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಉರಿಯೂತವಿರುವ ಗೋಡೆಯಲ್ಲಿ ಔಷಧ ಜಿನುಗಿ ಉಂಗುರದಂತೆ ಹೊಳೆಯುತ್ತದೆ. ಕ್ಷಯದ ಗಂಟೂ ಹಾಗೆಯೇ ಹೊಳೆಯುವುದರಿಂದ ವೈದ್ಯರು ‘ಇರಬಹುದು’ ಎಂದಿದ್ದಾರೆ. ಉಂಗುರ 20 ಮಿಲಿಮೀಟರಿಗಿಂತ ಚಿಕ್ಕದಾಗಿ, ಅಂಚು ನುಣುಪಾಗಿ, ಒಳಗೆ ಹುಳುವಿನ ತಲೆಯ ಚುಕ್ಕೆ ಕಂಡರೆ ಲಾಡಿಹುಳುವಿನ ಕಡೆ ತೂಕ. ದೊಡ್ಡದಾಗಿ, ಅಂಚು ಒರಟಾಗಿ, ಸುತ್ತ ಬಾವು ಜಾಸ್ತಿಯಿದ್ದರೆ ಕ್ಷಯದ ಅನುಮಾನ. ಚುಕ್ಕೆ ನೋಡಲು ಎಂಆರ್‌ಐ ಮೇಲು. ಮುಂದೆ ಗಂಟು ಒಣಗಿ ಸುಣ್ಣಗಟ್ಟಿದರೆ ಅದನ್ನು ಸ್ಪಷ್ಟವಾಗಿ ತೋರಿಸುವುದು ಸಿಟಿ.

ಒಂದು ಎಚ್ಚರ. ಹುಳುವಿನ ಮಾತ್ರೆಯಲ್ಲವೇ ಎಂದು ಮೆಡಿಕಲ್ ಶಾಪಿನಿಂದ ಆಲ್ಬೆಂಡಜೋಲ್ ತಂದು ನುಂಗಿಸಬೇಡಿ. ಹುಳು ಸಾಯುವಾಗ ಸುತ್ತ ಬಾವು ಏರಿ ಫಿಟ್ಸ್ ಹೆಚ್ಚಬಹುದು. ಅದಕ್ಕೇ ಸ್ಟೀರಾಯ್ಡ್ ಜೊತೆ ಸೇರಿಸಿ, ಕಣ್ಣಿನಲ್ಲಿ ಹುಳು ಇಲ್ಲವೆಂದು ನೋಡಿ ಕೊಡುತ್ತಾರೆ. ಮೂರರಿಂದ ಆರು ತಿಂಗಳ ನಂತರದ ಸ್ಕ್ಯಾನ್ ತಪ್ಪಿಸಬೇಡಿ.

ಪ್ರಶ್ನೆ: ಫಿಟ್ಸ್‌ಗೆಂದು ಎಂಆರ್‌ಐ ಬರೆದಿದ್ದಾರೆ. ಹದಿನೈದು ವರ್ಷದಿಂದ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ. ಕಣ್ಣಿಗೆ ಎರಡು ಸಲ ಕಿಡಿ ಹಾರಿತ್ತು. ತೊಂದರೆಯಿದೆಯೇ?
— ಹರಿಹರದ ಓದುಗರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. 1.5 ಟೆಸ್ಲಾ ಯಂತ್ರದ ಅಯಸ್ಕಾಂತಕ್ಕೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು ಶಕ್ತಿ. ಸ್ಕ್ಯಾನ್ ನಡೆಯದಿದ್ದಾಗಲೂ ಅದು ಆನ್ ಆಗಿಯೇ ಇರುತ್ತದೆ. ಕಣ್ಣಿನಲ್ಲಿ ಉಳಿದ ಕಬ್ಬಿಣದ ಚೂರು ಅಲುಗಿದರೆ ದೃಷ್ಟಿಗೇ ಕುತ್ತು. ಫಾರಂ ತುಂಬುವಾಗ ಕಿಡಿ ಹಾರಿದ್ದನ್ನು ಹೇಳಿ. ಕಣ್ಣಿನ ಗೂಡಿನ ಎಕ್ಸ್-ರೇ ತೆಗೆದು ನೋಡಿ ಆಮೇಲೆ ಒಳಗೆ ಬಿಡುತ್ತಾರೆ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮಿದುಳಿನ ರಕ್ತನಾಳದ ಕ್ಲಿಪ್ ಇದ್ದವರು ಅದರ ಕಾರ್ಡ್ ಒಯ್ಯಬೇಕು.

ಕಾಲುಂಗುರ, ತಾಯಿತ, ಉಡಿದಾರದ ಲೋಹ, ಹೇರ್‌ಪಿನ್ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ಲೇಸು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುವವರು ನಮ್ಮ ಕಡೆ ಬಹಳ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಯಂತ್ರದೊಳಗೆ ಅದು ಬಿಸಿಯಾಗಬಹುದು. ಲಿಂಗವನ್ನು ಮೈಯಿಂದ ಅಗಲಿಸಲು ಒಪ್ಪದ ಹಿರಿಯರಿದ್ದರೆ ಟೆಕ್ನಿಷಿಯನ್ ಹತ್ತಿರ ಹಿಂದಿನ ದಿನವೇ ಮಾತಾಡಿ; ಬಾಗಿಲಲ್ಲಿ ವಾದ ಬೇಡ.

ಫಿಟ್ಸ್ ಮಾತ್ರೆಯನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಿ. ಒಳಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಆಗಬಹುದು. ಕಿವಿಗೆ ಬಿರಡೆ, ಕೈಗೆ ಒತ್ತುವ ಗುಂಡಿ ಕೊಡುತ್ತಾರೆ. ತಲೆ ಅಲುಗಿದರೆ ಚಿತ್ರ ಮಸುಕು, ಮತ್ತೆ ಮೊದಲಿಂದ ತೆಗೆಯಬೇಕು.

ಚೀಟಿಯಲ್ಲಿ ‘ಎಪಿಲೆಪ್ಸಿ ಪ್ರೋಟೋಕಾಲ್’ ಎಂದಿದೆಯೇ ನೋಡಿ. ಸಾಮಾನ್ಯ ಎಂಆರ್‌ಐನಲ್ಲಿ ಚಿತ್ರದ ಹೋಳುಗಳು ಸುಮಾರು 5 ಮಿಲಿಮೀಟರ್ ದಪ್ಪ. ಫಿಟ್ಸ್‌ಗೆ ಕಾರಣವಾಗುವ ಹಿಪೊಕ್ಯಾಂಪಸ್ಸಿನ ಸಣ್ಣ ಗಾಯ ಅದರಲ್ಲಿ ತಪ್ಪಿಹೋಗಬಹುದು. ಈ ಪ್ರೋಟೋಕಾಲಿನಲ್ಲಿ 1 ಮಿಲಿಮೀಟರ್ ಹೋಳುಗಳನ್ನೂ ತೆಗೆಯುತ್ತಾರೆ. ‘ತಲೆ ಎಂಆರ್‌ಐ’ ಎಂದಷ್ಟೇ ಬರೆದಿದ್ದರೆ ವೈದ್ಯರಿಂದ ತಿದ್ದಿಸಿಕೊಳ್ಳಿ. ಫಿಲ್ಮ್ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದೆ ಬೇರೆ ಊರಿಗೆ ತೋರಿಸಲು ಹೋದರೆ ಬೇಕಾಗುವುದು ಅದು.

ಪ್ರಶ್ನೆ: ಮಿದುಳಿನ ಸಂಶೋಧನೆಗೆ ಸ್ವಯಂಸೇವಕಿಯಾಗಿ ಎಂಆರ್‌ಐ ಮಾಡಿಸಿಕೊಂಡರೆ ನನ್ನ ರಿಪೋರ್ಟ್ ಕೊಡುತ್ತಾರೆಯೇ?
— ಚಿತ್ರದುರ್ಗದ ವಿದ್ಯಾರ್ಥಿನಿ

ಉತ್ತರ: ಕೆಲವು ಕಡೆ ಕೊಡುತ್ತಾರೆ, ಕೆಲವು ಕಡೆ ಇಲ್ಲ, ಒಪ್ಪಿಗೆ ಪತ್ರದಲ್ಲಿ ಅದು ಬರೆದಿರಬೇಕು. ಗಂಟು ಗಿಂಟು ಅಚಾನಕ್ಕಾಗಿ ಕಂಡರೆ ಯಾರು, ಯಾವಾಗ ತಿಳಿಸುತ್ತಾರೆಂದು ಸಹಿ ಹಾಕುವ ಮೊದಲೇ ಕೇಳಿ. ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಸಂಶೋಧನೆಗಾಗಿ ಮಾಡುವ ಸ್ಕ್ಯಾನಿಗೆ ನಿಮ್ಮಿಂದ ಹಣ ಕೇಳಬಾರದು, ಕಾರಣ ಹೇಳದೆ ನಡುವೆಯೇ ಹೊರಬರುವ ಹಕ್ಕು ನಿಮಗಿದೆ. ನಿಮ್ಮಂಥವರು ಬಹಳ ಮಂದಿ ಬೇಕು: ಮಿದುಳಿನ ರಚನೆಯನ್ನು ಮನಸ್ಸಿನ ಗುಣಗಳಿಗೆ ತಾಳೆ ಹಾಕಲು ಸಾವಿರಾರು ಜನರ ಸ್ಕ್ಯಾನ್ ಇಲ್ಲದಿದ್ದರೆ ಫಲಿತಾಂಶ ನಿಲ್ಲುವುದಿಲ್ಲ ಎಂದು 2022ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿಗರ ಗುರಿಯಿಟ್ಟು ವರ್ಷಗಟ್ಟಲೆ ನಡೆಸುತ್ತಿರುವ ಅಧ್ಯಯನ ಅಂಥದ್ದು. ಸಹಿ ಮಾಡಿದ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.