ಎಲೆಕ್ಷನ್ ಬಂದರೆ ನಿದ್ದೆ ಹೋಗುತ್ತದೆ, ಆಮೇಲೆ ಏನೂ ಬೇಡ ಅನಿಸುತ್ತದೆ. ಏನು ಮಾಡಲಿ?

ಲೋಕಸಭೆ ಪ್ರಚಾರ ಶುರುವಾದರೆ ಫೋನ್ ಕೆಳಗಿಡಲು ಆಗುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ, ಸ್ವಲ್ಪ ದಿನ ಕಳೆದ ಮೇಲೆ "ಏನಾದ್ರೂ ಹಾಳಾಗಿ ಹೋಗ್ಲಿ, ನನ್ನ ಒಂದು ವೋಟಿಂದ ಏನಾಗ್ಬೇಕು" ಎಂದು ಕೈಚೆಲ್ಲಿ ಕೂರುತ್ತೀರಿ. ರಿಸಲ್ಟ್ ದಿನ ರಜೆ ಹಾಕಲಾ ಎಂದೂ ಕೇಳಿದ್ದೀರಿ. ನಾನು ಸರ್ಕಾರಿ ಶಾಲೆ ಮೇಷ್ಟ್ರು, ಎಲೆಕ್ಷನ್ ಡ್ಯೂಟಿ ನಮಗೆ ಬಿಟ್ಟಿದ್ದಲ್ಲ. ಯಾವ ಪಕ್ಷ ಅಂತ ಬಾಯಿ ಬಿಡುವ ಹಾಗೂ ಇಲ್ಲ. ಆದರೆ ಆತಂಕಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ, ನಿಮಗೆ ಬರುವ ಹಾಗೆ ನನಗೂ ಬರುತ್ತದೆ.

ನೀವು ಹೇಳಿದ ಎರಡೂ ಒಂದೇ ಜಾತಿಯವು ಎಂದು ನನ್ನ ಅನಿಸಿಕೆ. ಆತಂಕ "ಕೆಟ್ಟದ್ದೇ ಆಗುತ್ತೆ" ಅನ್ನುತ್ತದೆ. ನಿರಾಸೆ "ಏನೂ ಬದಲಾಗಲ್ಲ" ಅನ್ನುತ್ತದೆ. ಎರಡಕ್ಕೂ ಫಲಿತಾಂಶ ಮೊದಲೇ ಗೊತ್ತು! 2024ರ ಜೂನ್ 1ರ ಸಂಜೆ ನೆನಪಿದೆಯಲ್ವಾ? ಕೊನೆಯ ಹಂತದ ಮತದಾನ ಮುಗಿದ ಕೂಡಲೇ ಎಕ್ಸಿಟ್ ಪೋಲ್‌ಗಳು ಬಂದವು. ಹೆಚ್ಚಿನವು ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಅಂದವು, ಕೆಲವು 400 ದಾಟಿಸಿದವು. ಜೂನ್ 4ಕ್ಕೆ ಬಂದದ್ದು 293. ನಡುವಿನ ಮೂರು ದಿನ ಕುಣಿದವರು ಕುಣಿದದ್ದೂ ಸುಮ್ನೆ, ಅತ್ತವರು ಅತ್ತದ್ದೂ ಸುಮ್ನೆ. 2004ರಲ್ಲೂ ಸಮೀಕ್ಷೆಗಳೆಲ್ಲ ಒಂದು ಕಡೆ ಕೈ ತೋರಿಸಿದವು, ಸರ್ಕಾರ ಬಂದದ್ದು ಇನ್ನೊಂದು ಕಡೆಯದ್ದು. ಅದನ್ನೇ ಕಸುಬು ಮಾಡಿಕೊಂಡವರಿಗೇ ಅಂದಾಜು ಸಿಗದಿರುವಾಗ, ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಹೊರಳುತ್ತಾ ನಾವು ಹಾಕುವ ಲೆಕ್ಕಕ್ಕೆ ಏನು ಬೆಲೆ?

ಇನ್ನೊಂದು, ಇದು ಬಹಳ ಉದ್ದ. 2024ರಲ್ಲಿ ಮಾರ್ಚ್ 16ಕ್ಕೆ ದಿನಾಂಕ ಘೋಷಣೆಯಾಯಿತು, ಏಳು ಹಂತಗಳಲ್ಲಿ ಮತದಾನವಾಗಿ ಜೂನ್ 4ಕ್ಕೆ ಎಣಿಕೆ. ನಮ್ಮ ರಾಜ್ಯದ 28 ಕ್ಷೇತ್ರಗಳಲ್ಲಿ ಅರ್ಧ ಏಪ್ರಿಲ್ 26ಕ್ಕೆ, ಅರ್ಧ ಮೇ 7ಕ್ಕೆ ಮತ ಹಾಕಿದವು. ಅಂದರೆ ಮೊದಲ ಸುತ್ತಿನವರು ಬೆರಳಿಗೆ ಶಾಯಿ ಹಾಕಿಸಿಕೊಂಡ ಮೇಲೂ 39 ದಿನ ಕಾಯಬೇಕಿತ್ತು. ಹಿಂದೆಯೂ ಹೀಗೇ ಇತ್ತು ಅನ್ನಬಹುದು. ಮೊದಲ ಚುನಾವಣೆ 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿವರೆಗೆ ನಡೆದಿತ್ತು. ಸರಿ, ಆದರೆ ಅವರ ಜೇಬಿನಲ್ಲಿ ಟಿವಿ ಇರಲಿಲ್ಲ.

ಹಾಗಾಗಿ ನಾನು ಪ್ರಚಾರದ ದಿನಗಳನ್ನು ಎರಡು ಭಾಗ ಮಾಡಿಕೊಳ್ಳುತ್ತೇನೆ. ನಾನು ಮತ ಹಾಕುವವರೆಗೆ ಸುದ್ದಿ ಬೇಕು, ಯಾಕೆಂದರೆ ತೀರ್ಮಾನ ಮಾಡುವುದಿದೆ. ಮತ ಹಾಕಿದ ಮೇಲೆ ಯಾವ ಸುದ್ದಿಯಿಂದಲೂ ನನ್ನ ಕೈಯಲ್ಲಿ ಏನೂ ಬದಲಾಗುವುದಿಲ್ಲ. ಆಮೇಲೆ ಬೆಳಿಗ್ಗೆ ಪೇಪರ್ ಮಾತ್ರ. ರಾತ್ರಿ ಒಂಬತ್ತರ ಚರ್ಚೆ ಬಂದ್. ಆ ಚರ್ಚೆಯಿಂದ ಹೊಸದೇನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಓದಿದ್ದನ್ನೇ ಎಂಟು ಜನ ಒಟ್ಟಿಗೆ ಕಿರುಚುತ್ತಾರೆ ಅಷ್ಟೇ. ಮೊದಲ ಕೆಲವು ದಿನ ಕೈ ತಾನಾಗಿಯೇ ರಿಮೋಟ್ ಕಡೆ ಹೋಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ನಿಜವಾಗಿ ನನ್ನ ತಲೆ ತಣ್ಣಗಾಗುವುದು ಬೂತ್‌ನಲ್ಲಿ. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ, ಅಂದರೆ ಡ್ಯೂಟಿಯವರಿಗೆ ಸಾಮಾನು ಹಂಚುವ ಜಾಗದಲ್ಲಿ, ಯಂತ್ರ, ಕವರ್, ಅರಗು ಎಲ್ಲ ಎಣಿಸಿ ತೆಗೆದುಕೊಂಡು ಊರಿಗೆ ಹೋಗಿ ಶಾಲೆಯ ನೆಲದ ಮೇಲೆ ಮಲಗುತ್ತೇವೆ. ಏಳಕ್ಕೆ ಮತದಾನ ಅಂದರೆ ಐದೂವರೆಗೆ ಅಣಕು ಮತದಾನ. ಬೇರೆ ಬೇರೆ ಪಕ್ಷದ ಏಜೆಂಟರ ಎದುರು ಕನಿಷ್ಠ 50 ವೋಟು ಒತ್ತಬೇಕು, ನೋಟಾಗೂ ಸೇರಿಸಿ. ಯಂತ್ರದ ಲೆಕ್ಕ, ಯಾರಿಗೆ ವೋಟು ಬಿತ್ತು ಎಂದು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಚೀಟಿಯ ಲೆಕ್ಕ ತಾಳೆ ನೋಡಬೇಕು. ಆಮೇಲೆ ಅದನ್ನೆಲ್ಲ ಅಳಿಸಿ ಸೊನ್ನೆ ತೋರಿಸಿ, ಅವರ ಸಹಿ ಹಾಕಿಸಿಕೊಂಡು ಸೀಲ್ ಮಾಡಬೇಕು. ಟಿವಿಯಲ್ಲಿ ಹಾವು ಮುಂಗುಸಿ ಆಗಿರುವ ಪಕ್ಷಗಳ ಏಜೆಂಟರು ಇಲ್ಲಿ ಒಂದೇ ಬೆಂಚಿನಲ್ಲಿ ಕೂತು ಮತದಾರರ ಪಟ್ಟಿಗೆ ಒಬ್ಬರ ಪೆನ್ ಇನ್ನೊಬ್ಬರು ಇಸ್ಕೊಂಡು ಗೆರೆ ಎಳೆಯುತ್ತಿರುತ್ತಾರೆ. ಅಜ್ಜಿಯೊಬ್ಬರು ಬಟನ್ ಒತ್ತಿ "ಆಯ್ತಾ ಮಗಾ?" ಅನ್ನುತ್ತಾರೆ. "ಬೀಪ್ ಬಂತಲ್ಲಜ್ಜಿ, ಆಯ್ತು" ಅಂದರೂ ಇನ್ನೊಂದು ಸಲ ಯಂತ್ರದ ಕಡೆ ನೋಡಿಯೇ ಹೊರಡುವುದು. ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ಇನ್ನೂ ಜನ ನಿಂತಿದ್ದರೆ ಹಿಂದಿನಿಂದ ಚೀಟಿ ಕೊಡುತ್ತಾ ಬರುತ್ತೇವೆ, ಕೊನೆಯವರಿಗೆ ಮೊದಲ ಚೀಟಿ. ಆಮೇಲೆ ಬಂದವರು ನಡುವೆ ನುಸುಳಬಾರದಲ್ಲ, ಅದಕ್ಕೆ. ಕೊನೆಗೆ ಎಷ್ಟು ವೋಟು ಬಿತ್ತು ಎಂದು 17ಸಿ ನಮೂನೆಯಲ್ಲಿ ಬರೆದು ಏಜೆಂಟರಿಗೆಲ್ಲ ಒಂದೊಂದು ಪ್ರತಿ.

ಇದನ್ನು ಇಷ್ಟುದ್ದ ಬರೆದದ್ದಕ್ಕೆ ಕಾರಣವಿದೆ. ಫೋನಿನಲ್ಲಿ ಚುನಾವಣೆ ಅಂದರೆ 543 ಕ್ಷೇತ್ರ, ದೇಶದ ಭವಿಷ್ಯ, ಬರೀ ಗುಡುಗು. ಬೂತ್‌ನಲ್ಲಿ ಚುನಾವಣೆ ಅಂದರೆ ಸಾವಿರ ಚಿಲ್ಲರೆ ಹೆಸರು. ಎರಡನೆಯದರಲ್ಲಿ ನಿಮಗೂ ಕೆಲಸವಿದೆ. ನಿಮಗೆ ಪಕ್ಷ ಇದ್ದರೆ ಬೂತ್ ಏಜೆಂಟ್ ಆಗಿ, ಬೇಕಾದಷ್ಟು ಕಡೆ ಜನ ಸಿಗದೆ ಒದ್ದಾಡುತ್ತಾರೆ. ಪಕ್ಷ ಬೇಡ ಅಂದರೆ ನಿಮ್ಮ ಬೀದಿಯವರ ಹೆಸರು ಪಟ್ಟಿಯಲ್ಲಿದೆಯಾ ನೋಡಿ. ಪ್ರತಿ ಸಲ ಯಾರಾದರೂ ವೋಟರ್ ಕಾರ್ಡ್ ಹಿಡಿದುಕೊಂಡು ಬಂದು ಹೆಸರಿಲ್ಲದೆ ವಾಪಸ್ ಹೋಗುತ್ತಾರೆ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಬೇಕು. ನಾಮಪತ್ರ ಸಲ್ಲಿಸುವ ಕೊನೆ ದಿನ ದಾಟಿದರೆ ಹೆಸರು ಸೇರಿಸುವುದಿಲ್ಲ, ಹಾಗಾಗಿ ಹೆಸರು ಸೇರಿಸುವ ಅರ್ಜಿ, ಫಾರಂ 6, ಅದಕ್ಕೆ ಸಾಕಷ್ಟು ಮೊದಲೇ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೈ ಸೇರಬೇಕು. ಪಕ್ಕದ ಮನೆಯ ಹುಡುಗಿಗೆ ಹದಿನೆಂಟಾಗಿದ್ದರೆ ಕೂತು ಫಾರಂ ತುಂಬಿಸಿ. ಆ ಅರ್ಧ ಗಂಟೆ ಫೋನ್ ಮುಟ್ಟಿರುವುದಿಲ್ಲ, ಅದೂ ಲಾಭವೇ.

ಮನೆಯ ವಾಟ್ಸಾಪ್ ಗ್ರೂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯೂಟ್ ಮಾಡಿ. ಚಿಕ್ಕಪ್ಪ ಎದುರಿಗೇ ಸಿಕ್ಕಿ ಕೆಣಕಿದರೆ "ಬಿಡಿ ಚಿಕ್ಕಪ್ಪ, ರಿಸಲ್ಟ್ ಆದ್ಮೇಲೆ ಮಾತಾಡೋಣ" ಅನ್ನಿ. ರಿಸಲ್ಟ್ ಆದ ಮೇಲೆ ಅವರೂ ಕೇಳುವುದಿಲ್ಲ.

ಒಂದು ವೋಟಿಂದ ಏನಾಗುತ್ತೆ ಅಂದಿರಿ. ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ಸಂತೇಮರಹಳ್ಳಿಯದ್ದು. 2004ರ ವಿಧಾನಸಭೆ ಚುನಾವಣೆಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಜಯನಗರದ ಅಂತರ 16. ನಿಜ, ಆದರೆ ಇದನ್ನು ಲೋಕಸಭೆಗೆ ಹೇಳಿ ನಿಮ್ಮನ್ನು ಹುರಿದುಂಬಿಸಲು ನನಗೆ ಮನಸ್ಸಿಲ್ಲ. ಅಲ್ಲಿ ಅಂತರ ಸಾಮಾನ್ಯವಾಗಿ ಸಾವಿರ, ಲಕ್ಷಗಳಲ್ಲಿ ಇರುತ್ತದೆ. "ನನ್ನ ವೋಟೇ ದೇಶ ಉಳಿಸಬೇಕು" ಅಂದುಕೊಂಡರೆ ಆತಂಕ ಇನ್ನೂ ಜಾಸ್ತಿಯಾಗುತ್ತದೆ. ಅಷ್ಟು ದೊಡ್ಡ ಹೊರೆ ಯಾಕೆ? ಸೋತ ವೋಟೂ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಅನ್ನುವುದು ಆಮೇಲೆ ಫಾರಂ 20ರಲ್ಲಿ ಸಿಗುತ್ತದೆ. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವವರು, ಶಾಸಕರ ಹಿಂದೆ ಓಡಾಡುವವರು ಅದನ್ನು ಹೇಗೆ ಓದುತ್ತಾರೆ ಅಂದರೆ, ನಮ್ಮ ಮಕ್ಕಳು ಪರೀಕ್ಷೆಗೂ ಹಾಗೆ ಓದುವುದಿಲ್ಲ. "ಆ ಬೀದಿಯವರು ನಮಗೆ ಹಾಕಿಲ್ಲ" ಅನ್ನುವ ಮಾತು ಹುಟ್ಟುವುದೇ ಅಲ್ಲಿಂದ. ಮತ ಹಾಕದವರ ಬೀದಿಯ ಬಗ್ಗೆ ಯಾರೂ ಏನೂ ಮಾತಾಡುವುದಿಲ್ಲ, ಅಲ್ಲಿನ ಚರಂಡಿಯ ಬಗ್ಗೆಯೂ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಕೆಲಸದ ಕಡೆ ಗಮನವೇ ಇಲ್ಲ ಅಂದರೆ ಅದನ್ನು ರಾಜಕೀಯ ಎಂದು ತಳ್ಳಿಹಾಕಬೇಡಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ್ದೇ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ಚುನಾವಣೆಯ ಕಾರಣಕ್ಕೆ ಫೋನ್ ಮಾಡಿದೆ ಅಂದರೆ ನಗುತ್ತಾರೇನೋ ಎಂಬ ಸಂಕೋಚ ಬೇಡ.

ಇನ್ನು ರಜೆಯ ಪ್ರಶ್ನೆ. ಹಾಕಬೇಡಿ. ಎಣಿಕೆ ಬೆಳಿಗ್ಗೆ ಎಂಟಕ್ಕೆ ಅಂಚೆ ಮತಗಳಿಂದ ಶುರುವಾಗುತ್ತದೆ, ಯಂತ್ರಗಳದ್ದು ಆಮೇಲೆ. ಒಂದು ಲೋಕಸಭೆ ಕ್ಷೇತ್ರ ಅಂದರೆ ನಮ್ಮಲ್ಲಿ ಎಂಟು ವಿಧಾನಸಭೆ ಕ್ಷೇತ್ರ, ಎಲ್ಲದಕ್ಕೂ ಬೇರೆ ಬೇರೆ ಟೇಬಲ್, ಬೇರೆ ಬೇರೆ ಸುತ್ತು. ಒಂಬತ್ತು ಗಂಟೆಗೆ ಟಿವಿಯಲ್ಲಿ ಓಡುವ "ಮುನ್ನಡೆ, ಹಿನ್ನಡೆ" ಅಂದರೆ ಯಾವುದೋ ಹೋಬಳಿಯ ನಾಲ್ಕು ಯಂತ್ರ ತೆರೆದಿದ್ದಾರೆ ಅಂತ ಅರ್ಥ. ರಜೆ ಹಾಕಿ ಮನೆಯಲ್ಲಿ ಕೂತರೆ ಅದನ್ನೇ ನೋಡುತ್ತೀರಿ. ಆಫೀಸಿಗೆ ಹೋಗಿ, ಊಟ ಮಾಡಿ, ಮಧ್ಯಾಹ್ನ ಎರಡರ ಮೇಲೆ ಆಯೋಗದ ವೆಬ್‌ಸೈಟ್ ಒಂದು ಸಲ ನೋಡಿ. ಅದಕ್ಕೂ ಮೊದಲು ಪಕ್ಕದ ಟೇಬಲ್‌ನವರು ಕೂಗಿ ಹೇಳಿಯೇ ಹೇಳುತ್ತಾರೆ, ತಪ್ಪಿಸಿಕೊಳ್ಳುವುದಕ್ಕೆ ಆಗಲ್ಲ ಬಿಡಿ.