ಮೊದಲು ಸರ್ವಿಸ್ ಪ್ಯಾಕ್, ಕೊನೆಗೆ ಸ್ಕ್ಯಾನರ್

ಪ್ರಶ್ನೆ: ನಮ್ಮ ಗ್ರಂಥಾಲಯದ ಹಳೆಯ ಸ್ಕ್ಯಾನರಿನ ಡ್ರೈವರ್ ವಿಂಡೋಸ್ 7ರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟದ್ದರಿಂದ ಹೊಸದನ್ನು ಹಾಕಿಸಿ, 2009ರ ಡಿವಿಡಿಯಿಂದ ವಿಂಡೋಸನ್ನು ಮತ್ತೆ ಅಳವಡಿಸಿದೆವು. ಈಗ ಅಪ್‌ಡೇಟ್ ಹುಡುಕಿದರೆ ದೋಷ ತೋರಿಸುತ್ತದೆ. ಬೇರೆಯಾಗಿ ಇಳಿಸಿಕೊಂಡವು ಈ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ ಎನ್ನುತ್ತವೆ. ಯಾವ ಕ್ರಮದಲ್ಲಿ ಹಾಕಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಡಿವಿಡಿಯಲ್ಲಿ ಸರ್ವಿಸ್ ಪ್ಯಾಕ್ 1, ಅಂದರೆ ಅಲ್ಲಿಯವರೆಗಿನ ತಿದ್ದುಪಡಿಗಳ ದೊಡ್ಡ ಕಟ್ಟು, ಇಲ್ಲ, ಅದು ಬಂದದ್ದು 2011ರಲ್ಲಿ. ಸರ್ವಿಸ್ ಪ್ಯಾಕ್ ಇಲ್ಲದ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2013ರ ಏಪ್ರಿಲಿನಲ್ಲೇ ನಿಂತಿರುವುದರಿಂದ, ಅನಂತರದ ಅಪ್‌ಡೇಟ್‌ಗಳು ಅದರ ಮೇಲೆ ಕೂರುವುದಿಲ್ಲ. ಆದ್ದರಿಂದ ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಜಾಲತಾಣ ತೆರೆದು, ನಿಮ್ಮದು 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ಖಚಿತಪಡಿಸಿಕೊಂಡು, ಬೇಕಾದ ಕಡತಗಳನ್ನೆಲ್ಲ ಪೆನ್ ಡ್ರೈವಿಗೆ ಇಳಿಸಿಕೊಳ್ಳಿ.

ಮೊದಲು ಸರ್ವಿಸ್ ಪ್ಯಾಕ್ 1 (ಕೆಬಿ 976932) ಹಾಕಿ. ಕೆಬಿ (KB) ಎಂಬುದು ಅಪ್‌ಡೇಟ್‌ಗಳನ್ನು ಗುರುತಿಸಲು ಮೈಕ್ರೋಸಾಫ್ಟ್ ಕೊಡುವ ಸಂಖ್ಯೆ. ಇದು ದೀರ್ಘ ಕೆಲಸ. ನಡುವೆ ವಿದ್ಯುತ್ ಹೋದರೆ ವಿಂಡೋಸ್ ಮತ್ತೆ ತೆರೆಯದೆಯೂ ಹೋಗಬಹುದು. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಬೇರೆ ಕಂಪೆನಿಯ ಆಂಟಿವೈರಸ್ ಇದ್ದರೆ ಅಷ್ಟು ಹೊತ್ತು ನಿಲ್ಲಿಸಿಡಿ.

ಮುಂದಿನ ಸರದಿ ಅಪ್‌ಡೇಟ್‌ಗಳನ್ನು ಜೋಡಿಸುವ ಒಳವ್ಯವಸ್ಥೆಯದು. ಅದನ್ನು ಸರ್ವಿಸಿಂಗ್ ಸ್ಟ್ಯಾಕ್ ಎನ್ನುತ್ತಾರೆ. ಅದು ಹಳೆಯದಾಗಿದ್ದರೆ ಹೊಸ ಅಪ್‌ಡೇಟನ್ನು ಸ್ವೀಕರಿಸಲಾರದು. 2015ರ ಕೆಬಿ 3020369 ಹಾಕಿದ ಮೇಲೆಯೇ 2016ರ ದೊಡ್ಡ ರೋಲಪ್ (ಹಲವು ಅಪ್‌ಡೇಟ್‌ಗಳನ್ನು ಒಟ್ಟುಗೂಡಿಸಿದ ಕಟ್ಟು) ಕೆಬಿ 3125574 ಹಾಕಬೇಕು. ಸರ್ವಿಸ್ ಪ್ಯಾಕಿನ ಬಳಿಕ 2016ರ ಏಪ್ರಿಲ್‌ವರೆಗೆ ಬಂದ ತಿದ್ದುಪಡಿಗಳಲ್ಲಿ ಹೆಚ್ಚಿನವು ಇದರಲ್ಲೇ ಅಡಕವಾಗಿರುವುದರಿಂದ, ಅವನ್ನು ಒಂದೊಂದಾಗಿ ಹುಡುಕಿ ಹಾಕುವ ಶ್ರಮ ಉಳಿಯುತ್ತದೆ. ಅನಂತರ 2019ರ ಸರ್ವಿಸಿಂಗ್ ಸ್ಟ್ಯಾಕ್ ಕೆಬಿ 4490628, ಅದರ ಹಿಂದೆಯೇ ಕೆಬಿ 4474419. ಈ ಕೊನೆಯದನ್ನು ಬಿಡಲೇಬಾರದು: 2019ರ ಆಗಸ್ಟಿನಿಂದ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಎಸ್‌ಎಚ್‌ಎ-2 ಎಂಬ ಡಿಜಿಟಲ್ ಸಹಿಯನ್ನು ಮಾತ್ರ ಹಾಕುತ್ತಿದ್ದು, ಆ ಸಹಿಯನ್ನು ಪರಿಶೀಲಿಸಲು ವಿಂಡೋಸ್ 7ಕ್ಕೆ ಕಲಿಸುವುದು ಇದೇ. ಅಪ್‌ಡೇಟ್ ಹುಡುಕುವಾಗ ನಿಮಗೆ ಕಾಣಿಸಿದ ದೋಷಕ್ಕೂ ಬಹುಮಟ್ಟಿಗೆ ಇದರ ಕೊರತೆಯೇ ಕಾರಣ.

ಇವೆಲ್ಲ ಆದ ಮೇಲೆ 2020ರ ಜನವರಿಯ ಮಾಸಿಕ ರೋಲಪ್ ಕೆಬಿ 4534310 ಹಾಕಿ. ಪ್ರತಿ ಹಂತದಲ್ಲೂ, ವಿಂಡೋಸ್ ಕೇಳಲಿ ಬಿಡಲಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಅರ್ಧ ಮುಗಿದ ಕೆಲಸದ ಮೇಲೆ ಇನ್ನೊಂದನ್ನು ಹೇರಿದಾಗಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಆಫೀಸ್ ತಂತ್ರಾಂಶದ ಅಪ್‌ಡೇಟ್‌ಗಳು ಆಮೇಲೆ ಬರಲಿ. ಸ್ಕ್ಯಾನರಿನ ಡ್ರೈವರ್ ಎಲ್ಲಕ್ಕಿಂತ ಕೊನೆಗೆ.

2020ರ ಜನವರಿ 14ರಂದು ವಿಂಡೋಸ್ 7ರ ಸಾಮಾನ್ಯ ಬೆಂಬಲ ಮುಗಿದಿದೆ. ಹಾಗಾಗಿ ಇಷ್ಟೆಲ್ಲ ಮಾಡಿದ ಮೇಲೂ ಈ ಕಂಪ್ಯೂಟರನ್ನು ಅಂತರಜಾಲಕ್ಕೆ ಜೋಡಿಸಬೇಡಿರೆಂದು ಒತ್ತಿ ಹೇಳುತ್ತೇನೆ. ಸ್ಕ್ಯಾನ್ ಮಾಡಿದ ಪುಟಗಳನ್ನು ಸಾಗಿಸಲು ಒಂದು ಪೆನ್ ಡ್ರೈವನ್ನು ಪ್ರತ್ಯೇಕವಾಗಿಟ್ಟುಕೊಂಡು, ಅದನ್ನು ಇನ್ನೊಂದು ಕಂಪ್ಯೂಟರಿನ ಆಂಟಿವೈರಸ್‌ನಿಂದ ಆಗಾಗ ಪರೀಕ್ಷಿಸುತ್ತಿರಿ.